ಕಾವ್ಯದ ಪಕ್ಕದಲ್ಲಿ ಅಡುಗೆ ಪುಸ್ತಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಯಾವ ಪುಸ್ತಕವನ್ನು ಕೊಳ್ಳಬೇಕು, ಯಾವುದನ್ನು ಓದಬೇಕು, ಕೊಂಡದ್ದನ್ನು ಹೇಗೆ ಕಾಪಾಡಬೇಕು ಎಂಬ ವಿಷಯಗಳ ಮೇಲೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅಡಿಕೆ ಕೃಷಿಯ ಕೈಪಿಡಿಯಿಂದ ಹಿಡಿದು ಬೇಂದ್ರೆಯವರ ಕವಿತೆಯವರೆಗೆ ಎಲ್ಲವೂ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಇಲ್ಲಿ ಆರಕ್ಕೆ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮೂರ ಯುವಕ ಸಂಘದವರು ಸಣ್ಣದೊಂದು ವಾಚನಾಲಯ ತೆರೆಯಲು ಹದಿನೈದು ಸಾವಿರ ರೂಪಾಯಿ ಕೂಡಿಸಿದ್ದಾರೆ. ಕಾದಂಬರಿ, ಕವನಗಳನ್ನು ಮಾತ್ರ ಕೊಳ್ಳಬೇಕೆಂದು ಕೆಲವರೂ, ಕೃಷಿ, ಆರೋಗ್ಯ, ಅಡುಗೆ, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳನ್ನು ಮಾತ್ರ ಕೊಳ್ಳಬೇಕೆಂದು ಉಳಿದವರೂ ಹಟ ಹಿಡಿದಿದ್ದಾರೆ. ನನ್ನ ಒಲವು ಸಾಹಿತ್ಯದ ಕಡೆಗಿದೆ. ತಾವು ಏನು ಹೇಳುತ್ತೀರಿ? — ನಿವೃತ್ತ ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಮಾನ್ಯರೆ, ತಮ್ಮ ಒಲವನ್ನು ಗೌರವಿಸುತ್ತಲೇ ಒಂದು ಮಾತು ಹೇಳುತ್ತೇನೆ. ಸಾಹಿತ್ಯ ಬೇರೆ, ಉಪಯೋಗದ ಪುಸ್ತಕ ಬೇರೆ, ಮೊದಲನೆಯದು ಮೇಲು, ಎರಡನೆಯದು ಕೀಳು ಎಂಬ ಎಣಿಕೆ ಕನ್ನಡಕ್ಕೆ ಹಳೆಯದಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ, ಚಾಲುಕ್ಯ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥವನ್ನು ಬರೆದನು. (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಪರೀಕ್ಷೆಗೆ ಓದುವ ಹುಡುಗರು ಇವರಿಬ್ಬರನ್ನೂ ಕಲಸಿಬಿಡುವುದುಂಟು.) ನೆಲದಡಿಯ ನೀರನ್ನು ಗುರುತಿಸುವುದು ಹೇಗೆ, ಮನೆಯನ್ನು ಎಲ್ಲಿ ಕಟ್ಟಬೇಕು, ಗಿಡಮರಗಳ ರೋಗಕ್ಕೆ ಏನು ಮಾಡಬೇಕು, ಅಡುಗೆಯನ್ನೂ ಸುಗಂಧದ್ರವ್ಯವನ್ನೂ ಹೇಗೆ ಸಿದ್ಧಪಡಿಸಬೇಕು ಎಂಬುದೆಲ್ಲ ಅದರಲ್ಲಿದೆ, ಮತ್ತು ಅದೆಲ್ಲವೂ ಪದ್ಯದಲ್ಲಿದೆ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನು ದನಕರುಗಳ ಕಾಯಿಲೆಗಳ ಮೇಲೆ ‘ಗೋವೈದ್ಯ’ವನ್ನು ಬರೆದನು. ಅದೇ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಲೆಕ್ಕಗಳನ್ನು ಕನ್ನಡ ಪದ್ಯಕ್ಕೆ ಹೊಂದಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯದ ಮೇಲೆ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದು, ಹಿಟ್ಟಿನ ತಿಂಡಿ, ಪಾನಕ, ಬದನೆಕಾಯಿಯ ಬಗೆಬಗೆಯ ಪಾಕಗಳನ್ನು ವಿವರಿಸಿದ್ದಾನೆ. ಬದನೆಕಾಯಿ ಪಲ್ಯಕ್ಕೆ ಛಂದಸ್ಸನ್ನು ಕೊಟ್ಟ ಭಾಷೆಯಲ್ಲಿ ಓದುತ್ತಿರುವ ನಾವು ವಾಚನಾಲಯದ ಕಪಾಟಿನ ನಡುವೆ ಗೋಡೆ ಎಬ್ಬಿಸಲು ಹೊರಡುವುದು ಸ್ವಲ್ಪ ವಿಚಿತ್ರವೇ.

ಈಚಿನವರನ್ನು ನೋಡಿದರೂ ಇದೇ ಕಾಣುತ್ತದೆ. ‘ಚೋಮನ ದುಡಿ’ಯನ್ನು ಬರೆದ ಶಿವರಾಮ ಕಾರಂತರೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಕಾದಂಬರಿ ಬರೆದ ಕೈಯಿಂದಲೇ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ನಾಡಿನ ಹಕ್ಕಿಗಳ ಬಗ್ಗೆ ಬರೆದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವಗಳನ್ನೇ ‘ಹಸುರು ಹೊನ್ನು’ ಎಂಬ ಪುಸ್ತಕವಾಗಿಸಿದರು. ಗಿಡಮರಗಳ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದನ್ನು ನಿಮ್ಮ ಕಪಾಟಿನ ಯಾವ ಅರೆಯಲ್ಲಿ ಇಡುತ್ತೀರಿ, ಸಾಹಿತ್ಯದ ಅರೆಯಲ್ಲೋ ವಿಜ್ಞಾನದ ಅರೆಯಲ್ಲೋ? ಈ ಪ್ರಶ್ನೆಯನ್ನು ಮುಂದಿನ ಸಭೆಯಲ್ಲಿ ಕೇಳಿ ನೋಡಿ.

ಇನ್ನು ವ್ಯವಹಾರದ ಮಾತು. ಮೊದಲು ನಿಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಅದನ್ನು ಅರಿವು ಕೇಂದ್ರವೆನ್ನುತ್ತಾರೆ, ಏನೇನಿದೆಯೆಂದು ಪಟ್ಟಿ ಮಾಡಿಕೊಳ್ಳಿ. ಅಲ್ಲಿರುವುದನ್ನೇ ಮತ್ತೆ ಕೊಳ್ಳಬೇಡಿ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲರೂ ಗ್ರಂಥಾಲಯ ಕರವನ್ನು ಕಟ್ಟುತ್ತಿದ್ದೇವೆ. ಆ ಪುಸ್ತಕಗಳೂ ನಿಮ್ಮವೇ. ಸ್ಪರ್ಧಾತ್ಮಕ ಪರೀಕ್ಷೆಗಳ ಮಾರ್ಗದರ್ಶಿಗಳು ಎರಡು ವರ್ಷಗಳಲ್ಲಿ ಹಳತಾಗಿಬಿಡುವುದರಿಂದ ಅವಕ್ಕೆ ಒಟ್ಟು ಹಣದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಕಬೇಡಿ. ಎರಡು ಒಳ್ಳೆಯ ನಿಘಂಟುಗಳನ್ನು, ಒಂದು ಕನ್ನಡ–ಕನ್ನಡ, ಇನ್ನೊಂದು ಇಂಗ್ಲಿಷ್–ಕನ್ನಡ, ಮರೆಯದೆ ಕೊಳ್ಳಿ. ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ಅಗ್ಗವಾಗಿ ದೊರೆಯುತ್ತವೆ. ಅಲ್ಲಿಂದ ಆರಂಭಿಸಿದರೆ ಹಣ ದೂರ ಬರುತ್ತದೆ. ಮತ್ತೊಂದು ಸಲಹೆ: ಪೂರ್ತಿ ಹಣವನ್ನು ಒಂದೇ ಸಲ ಖರ್ಚು ಮಾಡದೆ ಅರ್ಧವನ್ನು ಉಳಿಸಿಕೊಂಡು, ಆರು ತಿಂಗಳು ಯಾರು ಏನನ್ನು ಕೇಳಿ ಪಡೆದರೆಂಬ ಲೆಕ್ಕವನ್ನು ಇಟ್ಟು, ಅನಂತರ ಉಳಿದದ್ದನ್ನು ಕೊಳ್ಳಿ. ನಿಮ್ಮ ಎರಡೂ ಗುಂಪಿನವರು ಈಗ ಊಹೆಯ ಮೇಲೆ ಜಗಳವಾಡುತ್ತಿದ್ದಾರೆ.

ಪ್ರಶ್ನೆ: ಕೃಷಿ, ಅಡುಗೆ, ಮನೆಮದ್ದು ಎಂದು ಮಾರುಕಟ್ಟೆಯಲ್ಲಿ ನೂರಾರು ಕೈಪಿಡಿಗಳಿವೆ. ಒಂದನ್ನು ನೋಡಿ ಇನ್ನೊಂದನ್ನು ಬರೆದಂತೆ ಕಾಣುತ್ತದೆ. ಒಳ್ಳೆಯದನ್ನು ಗುರುತಿಸುವುದು ಹೇಗೆ? — ಗೃಹಿಣಿ, ಶಿರಸಿ

ಉತ್ತರ: ಅಂಗಡಿಯಲ್ಲಿ ನಿಂತು ಹತ್ತು ನಿಮಿಷಗಳಲ್ಲಿ ಇದನ್ನು ಕಂಡುಹಿಡಿಯಬಹುದು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು ಆ ಪುಸ್ತಕದಲ್ಲಿ ಹುಡುಕಿ ಓದಿ. ನೀವು ಶಿರಸಿಯವರು, ತಂಬುಳಿಯನ್ನೋ ಅಪ್ಪೆಹುಳಿಯನ್ನೋ ತೆಗೆದುಕೊಳ್ಳಿ. ಯಾವ ಮಾವಿನಕಾಯಿ, ಎಷ್ಟು ಹುಳಿ, ಒಗ್ಗರಣೆಗೆ ಏನು, ಎಷ್ಟು ನೀರು ಎಂಬುದನ್ನು ಹೇಳದೆ ‘ಬೇಕಾದಷ್ಟು’, ‘ರುಚಿಗೆ ತಕ್ಕಷ್ಟು’ ಎಂದೇ ಮುಗಿಸಿದ್ದರೆ ಬರೆದವರು ಒಲೆಯ ಮುಂದೆ ನಿಂತವರಲ್ಲ. ಉಪ್ಪಿಗೆ ಆ ಮಾತು ಸಲ್ಲುತ್ತದೆ, ಎಲ್ಲದಕ್ಕೂ ಅಲ್ಲ. ಮಾಡಿ ನೋಡಿದವರ ಬರಹದಲ್ಲಿ ಕೆಟ್ಟುಹೋಗುವ ಬಗೆಯೂ ಇರುತ್ತದೆ: ಪಾಕ ಯಾವಾಗ ಗಟ್ಟಿಯಾಗಿಬಿಡುತ್ತದೆ, ಹಪ್ಪಳದ ಹಿಟ್ಟು ಏಕೆ ಹರಿಯುತ್ತದೆ, ಮೋಡ ಕವಿದ ದಿನ ಸಂಡಿಗೆ ಇಟ್ಟರೆ ಏನಾಗುತ್ತದೆ ಎಂಬಂಥವು. ಈ ಎಚ್ಚರಿಕೆಯ ಸಾಲುಗಳು ನಕಲು ಮಾಡಿದ ಪುಸ್ತಕದಲ್ಲಿ ಸಿಗುವುದು ಬಹಳ ಅಪರೂಪ.

ಹಳೆಯ ಅಡುಗೆ ಪುಸ್ತಕಗಳನ್ನು ಬಳಸುವವರು ಅಳತೆಗಳ ಬಗ್ಗೆ ಎಚ್ಚರವಾಗಿರಬೇಕು. ಹಳೆಯ ಮೈಸೂರಿನ ಕಡೆಯ ಪುಸ್ತಕಗಳಲ್ಲಿ ಚಟಾಕು, ಪಾವು, ಸೇರುಗಳ ಲೆಕ್ಕವಿದೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಆದರೆ ಸೇರಿನ ಗಾತ್ರ ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು, ಅಳೆಯುವ ಸೇರೂ ತೂಗುವ ಸೇರೂ ಬೇರೆಬೇರೆ ಇದ್ದವು. ಆದ್ದರಿಂದ ಗ್ರಾಮಿಗೆ ಪರಿವರ್ತಿಸುವ ಗೊಡವೆಗೆ ಹೋಗದೆ, ಒಂದೇ ಪಾತ್ರೆಯನ್ನು ಪಾವೆಂದು ಇಟ್ಟುಕೊಂಡು ಎಲ್ಲವನ್ನೂ ಅದರಿಂದಲೇ ಅಳೆದರೆ ಪ್ರಮಾಣ ಕೆಡುವುದಿಲ್ಲ. ನನ್ನ ತಾಯಿ ಬಳಸುತ್ತಿದ್ದ ಅಡುಗೆ ಪುಸ್ತಕದಲ್ಲಿ ಎಲ್ಲ ಅಳತೆಗಳನ್ನೂ ಪೆನ್ಸಿಲಿನಲ್ಲಿ ತಿದ್ದಲಾಗಿದೆ. ಅರಿಸಿನದ ಕಲೆಗಳಿರುವ ಪುಟಗಳಲ್ಲಿಯೇ ಆ ತಿದ್ದುಪಡಿಗಳು ಹೆಚ್ಚು. ಅಚ್ಚಾದದ್ದಕ್ಕಿಂತ ಆ ಪೆನ್ಸಿಲನ್ನೇ ನಾನು ನಂಬುತ್ತೇನೆ.

ಕೃಷಿಯ ವಿಷಯದಲ್ಲಿ ಪುಸ್ತಕವು ಯಾವ ಸೀಮೆಯನ್ನು ಕುರಿತದ್ದೆಂಬುದನ್ನು ಮೊದಲು ನೋಡಬೇಕು. ವರ್ಷಕ್ಕೆ ನೂರು ಅಂಗುಲಕ್ಕೂ ಹೆಚ್ಚು ಮಳೆ ಬೀಳುವ ಘಟ್ಟದ ಅಡಿಕೆ ತೋಟದ ಕ್ರಮವನ್ನು ಬಯಲುಸೀಮೆಯ ಕೊಳವೆಬಾವಿಯ ತೋಟಕ್ಕೆ ಹಾಕಿದರೆ ನಷ್ಟವಾಗುವುದು ರೈತನಿಗೆ, ಲೇಖಕನಿಗಲ್ಲ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿ ಕೊಡುವ ಕ್ರಮವನ್ನು ಬೆಳೆಸಿತು, ತೋಟದಲ್ಲಿ ಮಾಡಿದವನೇ ಬರೆದಾಗ ಭಾಷೆ ಹೇಗೆ ಬಿಗಿಯಾಗಿರುತ್ತದೆ ಎಂಬುದನ್ನು ಅದರ ಹಳೆಯ ಸಂಚಿಕೆಗಳಲ್ಲಿ ಕಾಣಬಹುದು. ಮನೆಮದ್ದಿನ ಪುಸ್ತಕಗಳ ಬಗ್ಗೆ ಒಂದೇ ಮಾತು: ಪ್ರಮಾಣವನ್ನೂ, ಯಾರು ತೆಗೆದುಕೊಳ್ಳಬಾರದೆಂಬುದನ್ನೂ ಹೇಳದ ಪುಸ್ತಕವನ್ನು ಮನೆಗೆ ತರಬೇಡಿ, ಜ್ವರ ಮೂರು ದಿನ ಬಿಡದಿದ್ದರೆ ಯಾವ ಪುಸ್ತಕವನ್ನೂ ತೆರೆಯದೆ ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ ಮಾತನಾಡುತ್ತೇವೆ. ಓದಲು ಬರುತ್ತದೆ, ಆದರೆ ನಿಧಾನ. ಹಿರಿಯರೊಬ್ಬರ ಮಾತಿನಂತೆ ‘ಮಲೆಗಳಲ್ಲಿ ಮದುಮಗಳು’ ತಂದು ನಾಲ್ಕು ಸಲ ಆರಂಭಿಸಿ ನಾಲ್ಕು ಸಲವೂ ಬಿಟ್ಟೆ. ನನ್ನಿಂದ ಆಗದೇ? — ಇಂಜಿನಿಯರ್, ಪುಣೆ

ಉತ್ತರ: ಆಗುತ್ತದೆ, ಆರಂಭಿಸಿದ ಜಾಗ ಮಾತ್ರ ಸರಿಯಿಲ್ಲ. ಕುವೆಂಪು ಅವರ ಆ ಕಾದಂಬರಿ 1967ರಲ್ಲಿ ಪ್ರಕಟವಾದದ್ದು. ಹತ್ತಾರು ಪಾತ್ರಗಳು, ಮಲೆನಾಡಿನ ಹತ್ತಾರು ಮನೆಗಳು, ಯಾರೂ ನಾಯಕರಲ್ಲದ ಕಥೆ. ಓದಿನ ವೇಗವಿಲ್ಲದವರಿಗೆ ಇಪ್ಪತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಮೊದಲು ಬಂದವರ ಹೆಸರು ಮರೆತಿರುತ್ತದೆ. ಅದು ಸೋಲಲ್ಲ. ಪುಸ್ತಕವನ್ನು ಕಪಾಟಿನಲ್ಲಿಯೇ ಇಟ್ಟು ಬೇರೆ ದಾರಿಯಲ್ಲಿ ಬನ್ನಿ.

ಮೊದಲು ತೇಜಸ್ವಿಯವರ ‘ಕರ್ವಾಲೊ’ವನ್ನು ಓದಿ. 1980ರಲ್ಲಿ ಬಂದ ಈ ಸಣ್ಣ ಕಾದಂಬರಿಯ ನಿರೂಪಕನು ರೈತ. ಜೇನು ಕೀಳುವ ಮಂದಣ್ಣನೂ ವಿಜ್ಞಾನಿ ಕರ್ವಾಲೊ ಅವರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ವಾಕ್ಯಗಳು ಚಿಕ್ಕವು, ನಗು ಬರುತ್ತದೆ, ಮುಂದೇನೆಂಬ ಕುತೂಹಲ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಜೊತೆಗೆ ಜೇನುಸಾಕಣೆಯ ಬಗ್ಗೆಯೂ ನಾಲ್ಕು ವಿಷಯ ತಿಳಿಯುತ್ತದೆ. ಮೇಲಿನ ಹಾವೇರಿಯ ಸಂಘದವರಿಗೆ ಇದನ್ನೂ ಶಿಫಾರಸು ಮಾಡಬಹುದು. ಅನಂತರ ಕಾರಂತರ ‘ಬೆಟ್ಟದ ಜೀವ’. ಕುಮಾರಪರ್ವತದ ಸೀಮೆಯಲ್ಲಿ ಕಾಡು ಕಡಿದು ತೋಟ ಮಾಡಿಕೊಂಡು, ಮನೆ ಬಿಟ್ಟು ಹೋದ ಮಗನ ನೆನಪಿನಲ್ಲಿ ಬದುಕುತ್ತಿರುವ ಗೋಪಾಲಯ್ಯ, ಶಂಕರಮ್ಮ ದಂಪತಿಯ ಕಥೆ ಅದು. ತಂದೆತಾಯಿಯರನ್ನು ಊರಿನಲ್ಲಿ ಬಿಟ್ಟು ದೂರದಲ್ಲಿ ದುಡಿಯುತ್ತಿರುವ ಯಾರಿಗೂ ಅದು 1943ರ ಪುಸ್ತಕವೆನಿಸುವುದಿಲ್ಲ.

ದೀರ್ಘ ಓದಿಗೆ ಬಿಡುವಿಲ್ಲದಿದ್ದರೆ ಸಣ್ಣಕಥೆಗಳಿವೆ. 2025ರಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಿಮಗೆ ತಿಳಿದಿರುತ್ತದೆ; ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ಓದಿದವರು ಅಲ್ಲಿಗೇ ನಿಲ್ಲಬೇಡಿ. ಆ ಕಥೆಗಳ ಹೆಂಗಸರು ಕನ್ನಡ, ಉರ್ದು ಎರಡೂ ಕಲೆತ ಮಾತಿನಲ್ಲಿ ಗೊಣಗುವುದನ್ನು ಮೂಲದಲ್ಲಿಯೇ ಕೇಳಬೇಕು, ಪುಣೆಯ ಕನ್ನಡಿಗರಾದ ನಿಮಗೆ ಬೆರಕೆ ಮಾತು ಹೊಸದೂ ಅಲ್ಲ. ಇಷ್ಟನ್ನು ಓದಿದ ಮೇಲೆ ‘ಮದುಮಗಳ’ ಹತ್ತಿರ ಹೋಗಿ, ಪಾತ್ರಗಳ ಹೆಸರುಗಳನ್ನೂ ಅವರ ಮನೆಗಳನ್ನೂ ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತ ಓದಿ. ನಾನೂ ಮೊದಲ ಸಲ ಹಾಗೆಯೇ ಓದಿದೆ.

ಪ್ರಶ್ನೆ: ಕಗ್ಗ ಅರ್ಥವಾಗುತ್ತದೆ. ಆದರೆ ಕುಮಾರವ್ಯಾಸ, ಬೇಂದ್ರೆ, ಅಡಿಗರು ಎಂದರೆ ಕೈ ನಡುಗುತ್ತದೆ. ಕಾವ್ಯವನ್ನು ಓದುವುದಕ್ಕೂ ಏನಾದರೂ ಕೈಪಿಡಿ ಇದೆಯೇ? — ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಇದೆ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವೇ ಒಂದು ಕೈಪಿಡಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯ ಹೇಗಿರಬೇಕು, ಎಲ್ಲಿ ತಪ್ಪುತ್ತದೆ ಎಂದು ಕವಿಗಳಿಗೆ ಹೇಳಿಕೊಡುವ ಪುಸ್ತಕ. ಆದರೆ ಓದುಗರಾದ ನಿಮಗೆ ಅದರಿಂದ ಆರಂಭಿಸಿ ಎಂದು ಹೇಳಲಾರೆ.

ನೀವು ಕಾವ್ಯವನ್ನು ಕಣ್ಣಿನಿಂದ ಓದುತ್ತಿದ್ದೀರಿ ಎಂಬುದು ನನ್ನ ಅನುಮಾನ. ಕುಮಾರವ್ಯಾಸನ ಭಾರತವು ಗಮಕಿಗಳು ಊರ ಮುಂದೆ ಹಾಡಿ, ಅರ್ಥ ಹೇಳುತ್ತಿದ್ದ ಕಾವ್ಯ. ಅದರ ಭಾಮಿನಿ ಷಟ್ಪದಿಯ ಲೆಕ್ಕವನ್ನು ಬ್ಯಾಂಕಿನವರಿಗೆ ವಿವರಿಸುವುದು ಕಷ್ಟವಲ್ಲ. ಆರು ಸಾಲುಗಳು, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆಗಳು, ಮೂರು ಮತ್ತು ಆರನೆಯ ಸಾಲುಗಳಲ್ಲಿ ಇಪ್ಪತ್ತಮೂರು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ನಡಿಗೆ ಮೂರು–ನಾಲ್ಕು, ಮೂರು–ನಾಲ್ಕು. ಕವಿಯು ತನ್ನನ್ನು ಬರಿಯ ಲಿಪಿಕಾರನೆಂದು ಕರೆದುಕೊಳ್ಳುವ ಪದ್ಯದ ಮೊದಲ ಸಾಲು ‘ವೀರನಾರಾಯಣನೆ ಕವಿ ಲಿಪಿ’ ಎಂದು ಮುಗಿಯುತ್ತದೆ. ಅದನ್ನು ‘ವೀರ – ನಾರಾ – ಯಣನೆ – ಕವಿಲಿಪಿ’ ಎಂದು ತಾಳ ಹಾಕಿ ಹೇಳಿ ನೋಡಿ: ಮೂರು, ನಾಲ್ಕು, ಮೂರು, ನಾಲ್ಕು. ‘ಲಿಪಿಕಾರ’ ಎಂಬ ಪದ ಸಾಲಿನ ಕೊನೆಯಲ್ಲಿ ತುಂಡಾಗಿ ‘ಕಾರ’ ಎಂಬುದು ಮುಂದಿನ ಸಾಲಿಗೆ ಜಿಗಿದಿರುವುದನ್ನು ಗಮನಿಸಿ. ಪದ ಸಾಲನ್ನು ದಾಟುತ್ತದೆ, ಲಯ ಮಾತ್ರ ತಪ್ಪುವುದಿಲ್ಲ. ಹೀಗಾಗಿ ಮೊದಲು ಲಯ ಹಿಡಿದು ಓದಿ, ಆಮೇಲೆ ಪದಗಳನ್ನು ಬಿಡಿಸಿಕೊಳ್ಳಬೇಕು. ನಾವು ತಿರುವುಮುರುವು ಮಾಡುವುದರಿಂದಲೇ ಅರ್ಧ ಹೆದರಿಕೆ. ಹತ್ತು ಪದ್ಯಗಳನ್ನು ಗಟ್ಟಿಯಾಗಿ ಓದುವಷ್ಟರಲ್ಲಿ ಹಳೆಯ ಪದಗಳ ಅರ್ಧದಷ್ಟು ಸಂದರ್ಭದಿಂದಲೇ ಬಿಚ್ಚಿಕೊಳ್ಳುತ್ತವೆ.

ಬೇಂದ್ರೆಯವರಿಗೂ ಇದೇ ಮದ್ದು, ಜೊತೆಗೆ ಧಾರವಾಡದ ಕಿವಿ ಬೇಕು. ತುಮಕೂರಿನಲ್ಲಿ ಉತ್ತರ ಕರ್ನಾಟಕದ ಸಹೋದ್ಯೋಗಿಯೊಬ್ಬರು ನಿಮ್ಮ ಶಾಖೆಯಲ್ಲಿಯೇ ಇರಬಹುದು; ಊಟದ ಬಿಡುವಿನಲ್ಲಿ ಅವರಿಂದ ಒಂದು ಪದ್ಯ ಓದಿಸಿ ಕೇಳಿ. ‘ನಾಕುತಂತಿ’ಯಿಂದ ಆರಂಭಿಸಬೇಡಿ, 1932ರ ‘ಗರಿ’ಯಿಂದ ಆರಂಭಿಸಿ. ನಡುವೆ 1942ರ ‘ಮೈಸೂರು ಮಲ್ಲಿಗೆ’ಯನ್ನು ಓದಿಕೊಳ್ಳಿ, ಕೆ.ಎಸ್. ನರಸಿಂಹಸ್ವಾಮಿಯವರ ಸರಳತೆಯನ್ನು ಹಗುರವೆಂದು ಎಣಿಸುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅಡಿಗರಿಗೆ ಅವಸರವಿಲ್ಲ, ಒಂದು ವರ್ಷ ಬಿಟ್ಟು ಬನ್ನಿ. ಕಗ್ಗವು ನಿಮಗೆ ಸುಲಭವಾದದ್ದು ಅದರ ತತ್ತ್ವ ಸರಳವಾದ್ದರಿಂದಲ್ಲ, ನಾಲ್ಕು ಸಾಲಿಗೆ ಒಂದು ವಿಚಾರ ಮುಗಿಯುವುದರಿಂದ. 945 ಪದ್ಯಗಳನ್ನು ಒಂದೇ ಓಟಕ್ಕೆ ಓದಲು ಹೊರಟರೆ ಅದೂ ದಣಿಸುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು, ಬೇಸಿಗೆಯಲ್ಲಿ ಬೆಳ್ಳಿಹುಳ. ಪ್ರತಿ ವರ್ಷ ಅಂಗಳದ ಬಿಸಿಲಿಗೆ ಹರಡುತ್ತೇವೆ. ಆದರೂ ಹಾಳಾಗುತ್ತಿವೆ. — ಕೃಷಿಕರು, ತೀರ್ಥಹಳ್ಳಿ

ಉತ್ತರ: ಅಂಗಳದ ಬಿಸಿಲೇ ಅರ್ಧ ಹಾಳು ಮಾಡುತ್ತಿದೆ. ನೇರ ಬಿಸಿಲಿಗೆ ಅಗ್ಗದ ಕಾಗದ ಹಳದಿಯಾಗಿ ಮುರುಟುತ್ತದೆ, ಬೆನ್ನಿನ ಅಂಟು ಒಣಗಿ ಬಿರಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಜಗಲಿಯ ಮೇಲೆ, ಪುಟಗಳು ಬಿಡಿಸಿಕೊಳ್ಳುವಂತೆ ನಿಲ್ಲಿಸಿ. ಕಪಾಟನ್ನು ಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳು ಅಂತರ ಬಿಡಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಬೂಷ್ಟು ಹಿಡಿದದ್ದನ್ನು ಬೇರೆಯಾಗಿಟ್ಟು, ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಒದ್ದೆ ಬಟ್ಟೆಯನ್ನು ಮುಟ್ಟಿಸಬೇಡಿ. ಬೆಳ್ಳಿಹುಳಕ್ಕೆ ಅಂಟಿನ ಗಂಜಿಯೂ ತೇವವೂ ಬಲು ಇಷ್ಟ. ಪುಸ್ತಕಕ್ಕೆ ಹಳೆಯ ಪತ್ರಿಕೆಯ ರಟ್ಟು ಹಾಕಿ ಗಂಜಿಯಿಂದ ಅಂಟಿಸುವ ನಮ್ಮ ಅಭ್ಯಾಸ ಅದಕ್ಕೆ ಊಟವಿಟ್ಟಂತೆ. ಬೇವಿನ ಸೊಪ್ಪನ್ನು ಇಡುವುದಾದರೆ ಚೆನ್ನಾಗಿ ಒಣಗಿಸಿ, ಬಟ್ಟೆಯ ಗಂಟಿನಲ್ಲಿ ಇಡಿ. ಹಸಿ ಎಲೆ ಪುಟದ ಮೇಲೆ ಕಲೆ ಬಿಡುತ್ತದೆ.

ಪ್ರಶ್ನೆ: ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ದೊರಕುವಂತೆ ಮಾಡಬೇಕೆಂಬುದು ನಮ್ಮ ಗೆಳೆಯರ ಆಸೆ. ತ್ರಿವೇಣಿಯವರ ಕಾದಂಬರಿಗಳು, ಡಿ.ವಿ.ಜಿ.ಯವರ ಕಗ್ಗಗಳು, ಕಾರಂತರ ವಿಜ್ಞಾನ ಪುಸ್ತಕಗಳು ಪಟ್ಟಿಯಲ್ಲಿವೆ. ತಪ್ಪಾಗುತ್ತದೆಯೇ? — ವಿದ್ಯಾರ್ಥಿಗಳು, ಮೈಸೂರು

ಉತ್ತರ: ಪಟ್ಟಿಯಲ್ಲಿ ಒಬ್ಬರ ಮಟ್ಟಿಗೆ ಆಗುವುದಿಲ್ಲ, ಇಬ್ಬರ ಮಟ್ಟಿಗೆ ಆಗುತ್ತದೆ. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಆದ್ದರಿಂದ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿಯಿಂದ ಎಲ್ಲರ ಸೊತ್ತು. ಡಿ.ವಿ.ಜಿ.ಯವರು ತೀರಿಕೊಂಡದ್ದು 1975ರಲ್ಲಿ. 1943ರ ‘ಮಂಕುತಿಮ್ಮನ ಕಗ್ಗ’ಕ್ಕೆ 2035ರ ಕೊನೆಯವರೆಗೆ ಕಾಯಬೇಕು. ‘ಮರುಳ ಮುನಿಯನ ಕಗ್ಗ’ದ ಲೆಕ್ಕ ಬೇರೆ: ಅದು ಅವರು ತೀರಿಕೊಂಡ ಮೇಲೆ, 1984ರಲ್ಲಿ, ಪ್ರಕಟವಾದದ್ದರಿಂದ ಪ್ರಕಟಣೆಯ ವರ್ಷದಿಂದಲೇ ಎಣಿಸಬೇಕು, 2044 ಮುಗಿಯಬೇಕು. 1997ರಲ್ಲಿ ತೀರಿಕೊಂಡ ಕಾರಂತರ ಪುಸ್ತಕಗಳಿಗೆ 2057ರ ಕೊನೆಯವರೆಗೆ ಗಡುವಿದೆ.

ಇನ್ನೊಂದು ಎಚ್ಚರ. ಮೂಲ ಕೃತಿಯ ಅವಧಿ ಮುಗಿದಿದ್ದರೂ ಈಚಿನ ಆವೃತ್ತಿಯಲ್ಲಿರುವ ಹೊಸ ಮುನ್ನುಡಿ, ಟಿಪ್ಪಣಿ, ಚಿತ್ರಗಳು ಬೇರೆಯವರ ಹಕ್ಕಿನಲ್ಲಿ ಇರುತ್ತವೆ. ಹಳೆಯ ಮುದ್ರಣವನ್ನೇ ಹುಡುಕಿ ಸ್ಕ್ಯಾನ್ ಮಾಡಿ, ಅಥವಾ ಮೂಲ ಪಠ್ಯವನ್ನಷ್ಟೇ ಹೊಸದಾಗಿ ಬೆರಳಚ್ಚಿಸಿ. ಮತ್ತು ದಯವಿಟ್ಟು ಕಾದಂಬರಿಗಳಷ್ಟಕ್ಕೇ ನಿಲ್ಲಬೇಡಿ. ಮರುಮುದ್ರಣ ಕಾಣದೆ ಮೊದಲು ಕಾಣೆಯಾಗುವವು ಲೆಕ್ಕಪುಸ್ತಕ, ಕೃಷಿ ಕೈಪಿಡಿ, ಅಡುಗೆ ಪುಸ್ತಕಗಳೇ. ಅವನ್ನು ಯಾರೂ ಕಾಪಿಡುವುದಿಲ್ಲ, ಬಳಸಿ ಬಳಸಿ ಹರಿದು ಹೋಗುತ್ತವೆ. ನಿಮ್ಮ ಅಜ್ಜಿಯರ ಅಡುಗೆಮನೆಯ ನಾಗಂದಿಗೆಯ ಮೇಲೆ ಒಮ್ಮೆ ಹುಡುಕಿ. ಮೊದಲ ಪುಟ ಹರಿದಿದ್ದರೆ ಲೇಖಕರ ಹೆಸರನ್ನೂ ವರ್ಷವನ್ನೂ ಪತ್ತೆ ಮಾಡುವ ತನಕ ಅದನ್ನು ಸ್ಕ್ಯಾನ್ ಮಾಡಿ ನಿಮ್ಮಲ್ಲಿಯೇ ಇಟ್ಟುಕೊಳ್ಳಿ, ಹಂಚಬೇಡಿ.